ಹಳೇ ಸ್ಲ್ಯಾಬಿನ 64, ಹೊಸ ಸ್ಲ್ಯಾಬಿನ 65

ಪ್ರಶ್ನೆ: ನನ್ನ ಹತ್ತಿರ 1881-ಎಸ್ ಮಾರ್ಗನ್ ಡಾಲರ್, ಅಂದರೆ ಅಮೆರಿಕದ ಹಳೆಯ ಬೆಳ್ಳಿ ನಾಣ್ಯ, ಎರಡಿವೆ. ಎರಡನ್ನೂ ಗ್ರೇಡ್ ಮಾಡಿದ್ದು, ಅಂದರೆ ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಅಂಕ ಕೊಟ್ಟದ್ದು, ಅಮೆರಿಕದ ಪಿಸಿಜಿಎಸ್ ಕಂಪನಿ. ಒಂದು ಹಳೆಯ ಹಸಿರು ಲೇಬಲ್ಲಿನ ಸ್ಲ್ಯಾಬಿನಲ್ಲಿದೆ (ಗ್ರೇಡ್ ಮಾಡಿದ ನಾಣ್ಯವನ್ನು ಮುಚ್ಚಿ ಕೊಡುವ ಗಟ್ಟಿ ಪ್ಲಾಸ್ಟಿಕ್ ಕವಚ), ಅಂಕ ಎಂಎಸ್-64. ಇನ್ನೊಂದು ಇತ್ತೀಚಿನದು, ಎಂಎಸ್-65. ಪಕ್ಕಪಕ್ಕ ಇಟ್ಟು ನೋಡಿದರೆ 64 ಅಂತ ಬರೆದಿರುವುದೇ ಚೆನ್ನಾಗಿ ಕಾಣುತ್ತದೆ. ಕಾಲ ಕಳೆದಂತೆ ಗ್ರೇಡಿಂಗ್ ಸಡಿಲವಾಗಿದೆಯೇ? ಹಳೆಯದನ್ನು ಒಡೆದು ಮತ್ತೆ ಕಳಿಸಲೇ?

ಉತ್ತರ: ನಿಮ್ಮ ಕಣ್ಣಿನ ಮೇಲೆ ನನಗೆ ಅನುಮಾನವಿಲ್ಲ. ಇಂಥ ಜೋಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ "ಸಡಿಲವಾಗಿದೆ" ಅಂತ ಒಂದೇ ಮಾತಲ್ಲಿ ಮುಗಿಸಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಒಂದೇ ನಾಣ್ಯಕ್ಕೆ ಈ ತಿಂಗಳು ಒಂದು ಅಂಕ, ಮುಂದಿನ ತಿಂಗಳು ಇನ್ನೊಂದು ಅಂಕ ಬರುತ್ತದಲ್ಲ, ಅದು ಒಂದು. ಅದನ್ನು ಓಲಾಟ ಎನ್ನುತ್ತೇನೆ. ಹತ್ತಿಪ್ಪತ್ತು ವರ್ಷಗಳಲ್ಲಿ ಇಡೀ ಅಳತೆಯೇ ಒಂದು ಕಡೆಗೆ ಸರಿಯುವುದು ಇನ್ನೊಂದು. ಅದು ಜಾರಿಕೆ. ಜಾಸ್ತಿ ಜನ ಮಾತಾಡುವುದು ಜಾರಿಕೆಯ ಬಗ್ಗೆ. ಆದರೆ ಓಲಾಟವನ್ನು ಅರ್ಥ ಮಾಡಿಕೊಳ್ಳದೆ ಜಾರಿಕೆ ಅರ್ಥವಾಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಈ 70 ಅಂಕದ ಲೆಕ್ಕ ಎಲ್ಲಿಂದ ಬಂತು ನೋಡಿ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನು ಮುಂದಿಟ್ಟರು. ಅವರ ಆಸಕ್ತಿ ಇದ್ದದ್ದು 1793ರಿಂದ 1814ರವರೆಗಿನ ದೊಡ್ಡ ತಾಮ್ರದ ಸೆಂಟ್‌ಗಳಲ್ಲಿ ಮಾತ್ರ. ಅವರ ಅಂಕ ನಿಜವಾಗಿ ಬೆಲೆಯ ಲೆಕ್ಕ. ತೀರಾ ಸವೆದು, ಗುರುತು ಹಿಡಿಯಲಷ್ಟೇ ಆಗುವ ಒಂದು ಸೆಂಟ್‌ಗೆ 1 ಡಾಲರ್ ಬೆಲೆ ಇದ್ದರೆ, ಅದೇ ಬಗೆಯ ನಾಣ್ಯ ಯಾವ ದೋಷವೂ ಇಲ್ಲದೆ ಸಿಕ್ಕರೆ 70 ಡಾಲರ್. ನಡುವಿನ ಅಂಕಗಳೂ ಹಾಗೆಯೇ, ಮೂಲ ಬೆಲೆಯ ಇಷ್ಟು ಪಟ್ಟು ಅಂತ. ಮಾರುಕಟ್ಟೆ ಬದಲಾಯಿತು, ಆ ಬೆಲೆ ಲೆಕ್ಕ ಬೇಗ ಸುಳ್ಳಾಯಿತು. ಅಂಕ ಮಾತ್ರ ಉಳಿಯಿತು. ತಾಮ್ರಕ್ಕೆಂದು, ಬೆಲೆಗೆಂದು ಮಾಡಿದ ಅಳತೆಯನ್ನು ಬೆಳ್ಳಿಗೆ, ಬಂಗಾರಕ್ಕೆ, ನಿಕ್ಕಲ್‌ಗೆ ಎಲ್ಲದಕ್ಕೂ ತೊಡಿಸಿದರು. ಹಾಗಾಗಿ 64 ಎನ್ನುವುದು ತೂಕದ ಹಾಗೆ, ಉದ್ದದ ಹಾಗೆ ಅಳೆದು ಪಡೆದ ಸಂಖ್ಯೆ ಅಲ್ಲವೇ ಅಲ್ಲ. ನಿಮ್ಮ ಡಾಲರ್ 26.73 ಗ್ರಾಂ ತೂಗಬೇಕು ಅನ್ನುವುದನ್ನು ತಕ್ಕಡಿ ಹೇಳುತ್ತದೆ. ಅದು 64 ಅನ್ನುವುದನ್ನು ಮನುಷ್ಯರು ಹೇಳುತ್ತಾರೆ.

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1970ರ ದಶಕದ ಕೊನೆಗೆ ತನ್ನ ಅಧಿಕೃತ ಗ್ರೇಡಿಂಗ್ ನಿಯಮಗಳನ್ನು ಪುಸ್ತಕವಾಗಿ ತಂದಿತು. ಬಳಸದ ನಾಣ್ಯಕ್ಕೆ, ಅಂದರೆ ಮಿಂಟ್ ಸ್ಟೇಟ್‌ಗೆ (ಲೇಬಲ್ಲಿನ ಎಂಎಸ್ ಇದೇ), ಆಗ ಇದ್ದದ್ದು ಮೂರೇ ಮೆಟ್ಟಿಲು: 60, 65, 70. ಆಮೇಲೆ 63, 67 ಸೇರಿದವು. 1986ರಲ್ಲಿ ಪಿಸಿಜಿಎಸ್ ಬಾಗಿಲು ತೆರೆದಾಗ 60ರಿಂದ 70ರವರೆಗಿನ ಹನ್ನೊಂದು ಅಂಕಗಳನ್ನೂ ಬಳಸತೊಡಗಿತು. 2010ರಲ್ಲಿ ಪಿಸಿಜಿಎಸ್, ಅದರ ಪ್ರತಿಸ್ಪರ್ಧಿ ಕಂಪನಿ ಎನ್‌ಜಿಸಿ ಎರಡೂ ಪ್ಲಸ್ ಗುರುತು ತಂದವು, ಅಂದರೆ 64ಕ್ಕೂ 65ಕ್ಕೂ ನಡುವೆ ಇನ್ನೊಂದು ಮೆಟ್ಟಿಲು. ಈಗ ಯೋಚಿಸಿ. ಮೂರು ಮೆಟ್ಟಿಲಿನ ಏಣಿ ಮೂವತ್ತು ವರ್ಷದಲ್ಲಿ ಇಷ್ಟು ಮೆಟ್ಟಿಲಿನದಾಯಿತು. 1978ರ 65ಕ್ಕೂ ಇಂದಿನ 65ಕ್ಕೂ ಹೆಸರೊಂದೇ. ಆಗ 65 ಅಂದರೆ "ತುಂಬಾ ಚೆನ್ನಾಗಿರುವುದು" ಎನ್ನುವ ದೊಡ್ಡ ಬುಟ್ಟಿ. ಈಗ ಅದು ಒಂದು ಸಣ್ಣ ಡಬ್ಬಿ.

ಜಾರಿಕೆ ಒಂದೇ ದಿಕ್ಕಿನಲ್ಲಿ ಆಗಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಅದೇ ಅಸೋಸಿಯೇಷನ್ ನಡೆಸುತ್ತಿದ್ದ ಎಎನ್‌ಎಸಿಎಸ್, 1972ರಲ್ಲಿ ನಾಣ್ಯ ಅಸಲಿಯೇ ನಕಲಿಯೇ ಎಂದು ನೋಡುವ ಕೆಲಸ ಶುರು ಮಾಡಿತು. 1979ರಿಂದ ಗ್ರೇಡ್ ಕೂಡ ಕೊಡತೊಡಗಿತು. ಆಗ ಸ್ಲ್ಯಾಬ್ ಇರಲಿಲ್ಲ, ನಾಣ್ಯದ ಫೋಟೋ ಅಂಟಿಸಿದ ಕಾಗದದ ಸರ್ಟಿಫಿಕೇಟ್ ಬರುತ್ತಿತ್ತು. ಮುಂಬದಿಗೊಂದು, ಹಿಂಬದಿಗೊಂದು ಅಂಕ. ಆ ಕಾಲದ ಕಾಗದದಲ್ಲಿ ಎಂಎಸ್-65 ಎಂದಿರುವ ಎಷ್ಟೋ ಬೆಳ್ಳಿ ಡಾಲರ್‌ಗಳು ಇವತ್ತು 63 ಆದರೆ ಹೆಚ್ಚು. ಅಂದರೆ 1980ರ ಸುಮಾರಿನಿಂದ 1986ರವರೆಗೆ ಅಳತೆ ಬಿಗಿಯಾಯಿತು. ಪಿಸಿಜಿಎಸ್, 1987ರಲ್ಲಿ ಬಂದ ಎನ್‌ಜಿಸಿ, ಇವೆರಡೂ ಮೊದಲ ವರ್ಷಗಳಲ್ಲಿ ಕಟ್ಟುನಿಟ್ಟಾಗಿದ್ದವು ಅಂತ ಸಂಗ್ರಹಕಾರರಲ್ಲಿ ಬಹುತೇಕ ಒಮ್ಮತವಿದೆ. ನನ್ನ ಅನುಭವವೂ ಅದೇ. ಆಮೇಲಿನ ದಶಕಗಳಲ್ಲಿ ಮೆಲ್ಲಗೆ ಮೇಲಕ್ಕೆ ಸರಿದಿದೆ. ಇಂಗ್ಲಿಷ್ ಬಲ್ಲ ಸಂಗ್ರಹಕಾರರು ಇದಕ್ಕೆ "ಗ್ರೇಡ್‌ಫ್ಲೇಶನ್" ಎಂದು ಹೆಸರಿಟ್ಟಿದ್ದಾರೆ. ನಾವು ಗ್ರೇಡ್ ಉಬ್ಬರ ಅನ್ನಬಹುದು.

ಈಗ ಓಲಾಟಕ್ಕೆ ಬರೋಣ. ಗ್ರೇಡರ್ ಒಬ್ಬರು ಒಂದು ಸಾಮಾನ್ಯ ನಾಣ್ಯದ ಮೇಲೆ ಕಳೆಯುವುದು ಕೆಲವೇ ಸೆಕೆಂಡು. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ, ತಿರುಗಿಸಿ, ಬೆಳಕು ಅದರ ಮೇಲೆ ಹೇಗೆ ಓಡುತ್ತದೆ ನೋಡುತ್ತಾರೆ. ಅವರು ತೂಗುವುದು ನಾಲ್ಕು ವಿಷಯ: ಗೀರು, ಪೆಟ್ಟಿನ ಗುರುತು ಎಷ್ಟು, ಎಲ್ಲಿ, ಟಂಕಸಾಲೆಯ ಹೊಳಪು ಎಷ್ಟು ಉಳಿದಿದೆ, ಅಚ್ಚು ಎಷ್ಟು ಸ್ಪಷ್ಟವಾಗಿ ಬಿದ್ದಿದೆ, ಒಟ್ಟಾರೆ ಕಣ್ಣಿಗೆ ಹೇಗೆ ಕಾಣುತ್ತದೆ. ಇಬ್ಬರೋ ಮೂವರೋ ಬೇರೆ ಬೇರೆಯಾಗಿ ನೋಡಿ ಅಂಕ ಹಾಕುತ್ತಾರೆ, ಕೊನೆಗೆ ಹಿರಿಯರೊಬ್ಬರು ತೀರ್ಮಾನ ಮಾಡುತ್ತಾರೆ. ನಾಣ್ಯ ಯಾರದು ಅಂತ ಅವರಿಗೆ ಗೊತ್ತಿರುವುದಿಲ್ಲ. ವ್ಯವಸ್ಥೆ ಒಳ್ಳೆಯದೇ. ಆದರೆ ಈ ನಾಲ್ಕನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡಬೇಕು, ಅದೇ ಕಷ್ಟ. ನಾಣ್ಯದಲ್ಲಿರುವ ಮುಖದ ಕೆನ್ನೆಯ ಮೇಲೆ ಒಂದು ಗೀರು, ಆದರೆ ಹೊಳಪು ಅದ್ಭುತ. ಇನ್ನೊಂದರಲ್ಲಿ ಗೀರಿಲ್ಲ, ಹೊಳಪು ಮಂಕು. ಯಾವುದು 65? ಇಬ್ಬರು ಪ್ರಾಮಾಣಿಕ ತಜ್ಞರು ಬೇರೆ ಉತ್ತರ ಕೊಡಬಹುದು. ಒಬ್ಬರೇ ತಜ್ಞರು ಸೋಮವಾರ ಒಂದು, ಶುಕ್ರವಾರ ಇನ್ನೊಂದು ಉತ್ತರ ಕೊಡಬಹುದು. ಅವರ ಮೇಲೆ ನಾನು ತಪ್ಪು ಹೊರಿಸಲಾರೆ.

ಇದು ಬರೀ ಅನಿಸಿಕೆ ಅಲ್ಲ. 2003ರಲ್ಲಿ ಕಾಯಿನ್ ವರ್ಲ್ಡ್ ಎಂಬ ವಾರಪತ್ರಿಕೆ ಒಂದು ವರ್ಷದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಅದೇ ನಾಣ್ಯಗಳನ್ನು ಹಲವು ಗ್ರೇಡಿಂಗ್ ಕಂಪನಿಗಳಿಗೆ ಒಂದಾದ ಮೇಲೊಂದರಂತೆ ಕಳಿಸಿದ್ದರು. ಒಂದು ನಾಣ್ಯದ ವಿಷಯದಲ್ಲೂ ಎಲ್ಲ ಕಂಪನಿಗಳು ಒಂದೇ ಅಂಕ ಕೊಡಲಿಲ್ಲ. ಅದಕ್ಕೂ ಮೊದಲು, 1990ರಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪಿಸಿಜಿಎಸ್ ಜಾಹೀರಾತುಗಳ ಬಗ್ಗೆ ಕ್ರಮ ಕೈಗೊಂಡಿತ್ತು. ಗ್ರೇಡಿಂಗ್ ಸ್ಥಿರ, ಯಾರ ಅಭಿಪ್ರಾಯಕ್ಕೂ ಸಿಗದ್ದು ಎನ್ನುವಂತೆ ಹೇಳಿಕೊಂಡದ್ದು ಅತಿಯಾಯಿತು ಎನ್ನುವುದು ಅದರ ತಕರಾರು. ಆ ಪ್ರಕರಣ ರಾಜಿಯಲ್ಲಿ ಮುಗಿಯಿತು.

ನಾನೇ ಒಂದು ಬೆಳ್ಳಿ ಡಾಲರನ್ನು ಒಂದೇ ಕಂಪನಿಗೆ ಮೂರು ಸಲ ಕಳಿಸಿದ್ದೇನೆ. ಮೊದಲ ಸಲ 64. ಒಡೆದು ಕಳಿಸಿದೆ, 63 ಬಂತು. ಬೇಸರವಾಗಿ ಅದನ್ನು ಒಂದು ವರ್ಷ ಹಾಗೇ ಇಟ್ಟು ಮತ್ತೆ ಕಳಿಸಿದೆ, 65 ಬಂತು. ನಾಣ್ಯವನ್ನು ನಾನು ಮುಟ್ಟಿರಲಿಲ್ಲ, ತೊಳೆದಿರಲಿಲ್ಲ. ಆ ದಿನ ನನಗೆ ಲಾಭವಾಯಿತು ನಿಜ. ಆದರೆ ನನ್ನ ಉಳಿದ ಸಂಗ್ರಹದ ಲೇಬಲ್‌ಗಳನ್ನು ನೋಡುವ ಕಣ್ಣೇ ಬದಲಾಯಿತು.

ಇನ್ನು ಮುಖ್ಯ ವಿಷಯ. ಗ್ರೇಡರ್‌ಗಳು ಒಂದಿಷ್ಟೂ ಬದಲಾಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ಮೂವತ್ತು ವರ್ಷ ಅದೇ ಕಣ್ಣು, ಅದೇ ಬಿಗಿ. ಆದರೂ ಮಾರುಕಟ್ಟೆಯಲ್ಲಿರುವ ಸ್ಲ್ಯಾಬ್‌ಗಳ ಅಂಕ ಮೇಲೇರುತ್ತಲೇ ಹೋಗುತ್ತದೆ. ಹೇಗೆ? 64ಕ್ಕೂ 65ಕ್ಕೂ ಸರಿಯಾಗಿ ನಡುವೆ ಇರುವ ಒಂದು ನಾಣ್ಯ ತಗೊಳ್ಳಿ. ಪ್ರತಿ ಸಲ ಕಳಿಸಿದಾಗಲೂ 65 ಬರುವ ಸಾಧ್ಯತೆ ಅರ್ಧ, 64 ಬರುವ ಸಾಧ್ಯತೆ ಅರ್ಧ. 64 ಬಂದರೆ ಮಾಲೀಕರು ಒಡೆದು ಮತ್ತೆ ಕಳಿಸುತ್ತಾರೆ. 65 ಬಂದರೆ ಯಾರೂ ಒಡೆಯುವುದಿಲ್ಲ. ಮೂರು ಸಲ ಪ್ರಯತ್ನಿಸಿದರೆ ಒಂದು ಸಲವಾದರೂ 65 ಬರುವ ಸಾಧ್ಯತೆ ಎಂಟರಲ್ಲಿ ಏಳು. ಅಲ್ಲಿಗೆ ಆ ನಾಣ್ಯ ನಿಂತುಬಿಡುತ್ತದೆ. ಮೇಲೆ ಹತ್ತಿದ್ದು ಕೆಳಗೆ ಇಳಿಯುವುದಿಲ್ಲ. ನೀರೆತ್ತುವ ರಾಟೆಗೆ ಹಿಂದೆ ತಿರುಗದ ಹಾಗೆ ಕೊಕ್ಕೆ ಹಾಕಿರುತ್ತಾರಲ್ಲ, ಹಾಗೆ. ಎರಡು ಅಂಕಗಳ ನಡುವೆ ಬೆಲೆಯ ವ್ಯತ್ಯಾಸ ಎಷ್ಟು ದೊಡ್ಡದೋ ಅಷ್ಟು ಹೆಚ್ಚು ಸಲ ಜನ ಕಳಿಸುತ್ತಾರೆ. ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ.

ಇದರಿಂದ ಇನ್ನೊಂದು ಪರಿಣಾಮವಿದೆ, ಅದು ಮೆಲ್ಲಗೆ ಕೆಲಸ ಮಾಡುತ್ತದೆ. ನಡುವಿನ ನಾಣ್ಯಗಳೆಲ್ಲ ಒಂದೊಂದಾಗಿ 65ರ ಡಬ್ಬಿ ಸೇರಿದ ಮೇಲೆ, 65 ಅಂದರೆ ಹೇಗಿರುತ್ತದೆ ಎನ್ನುವ ಚಿತ್ರವೇ ಬದಲಾಗುತ್ತದೆ. ಹೊಸದಾಗಿ ಕಲಿಯುವ ವ್ಯಾಪಾರಿ, ಸಂಗ್ರಹಕಾರ, ಗ್ರೇಡರ್ ಎಲ್ಲರೂ ನೋಡುವುದು ಈಗ ಡಬ್ಬಿಯಲ್ಲಿರುವುದನ್ನೇ. ಅದರಲ್ಲಿ ದುರ್ಬಲ 65ಗಳು ಜಾಸ್ತಿಯಾಗಿವೆ. ಕಣ್ಣು ಅದಕ್ಕೇ ಒಗ್ಗುತ್ತದೆ. ಹೀಗೆ ಓಲಾಟ ನಿಧಾನವಾಗಿ ಜಾರಿಕೆಯಾಗುತ್ತದೆ. ಯಾರೂ ಕುಳಿತು "ಇನ್ನು ಸಡಿಲ ಮಾಡೋಣ" ಅಂತ ತೀರ್ಮಾನ ಮಾಡಬೇಕಾಗಿಲ್ಲ. ಗ್ರೇಡ್ ಉಬ್ಬರಕ್ಕೆ ಕಂಪನಿಗಳ ದುರಾಸೆಯೇ ಕಾರಣ ಎಂದು ಬೈಯುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ: ಒಡೆದು ಕಳಿಸುವ ನಮ್ಮ ಕೈಗಳ ಪಾಲು ಇದರಲ್ಲಿ ತುಂಬಾ ದೊಡ್ಡದು.

ಇದೇ ಕಾರಣಕ್ಕೆ ಕಂಪನಿಗಳು ಪ್ರಕಟಿಸುವ ಪಾಪ್ಯುಲೇಷನ್ ರಿಪೋರ್ಟ್, ಅಂದರೆ ಯಾವ ನಾಣ್ಯ ಯಾವ ಅಂಕದಲ್ಲಿ ಎಷ್ಟಿದೆ ಎನ್ನುವ ಪಟ್ಟಿ, ನೋಡುವಾಗಲೂ ಹುಷಾರಾಗಿರಿ. ಒಡೆದವರು ಹಳೆಯ ಲೇಬಲನ್ನು ವಾಪಸ್ ಕಳಿಸದಿದ್ದರೆ ಒಂದೇ ನಾಣ್ಯ ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತದೆ.

ಇಷ್ಟು ಹೇಳಿದ ಮೇಲೂ, ಅಳತೆಯೇ ನಿಜವಾಗಿ ಬದಲಾದ ಜಾಗಗಳಿವೆ. ಅದರಲ್ಲಿ ಎದ್ದು ಕಾಣುವುದು ಎಯು-58ರ ಗಡಿ. ಎಯು ಅಂದರೆ ಬಹುತೇಕ ಬಳಸದ್ದು, ಮಿಂಟ್ ಸ್ಟೇಟ್‌ನ ಕೆಳಗಿನ ಮೆಟ್ಟಿಲು. ಪುಸ್ತಕದ ಪ್ರಕಾರ ಮಿಂಟ್ ಸ್ಟೇಟ್ ಅಂದರೆ ಸವೆತವೇ ಇಲ್ಲ. ಎತ್ತರದ ಜಾಗಗಳಲ್ಲಿ ಚೂರೇ ಚೂರು ಉಜ್ಜಿದ ಗುರುತಿದ್ದರೂ ಅದು ಎಯು. ಆದರೆ ಹಳೆಯ ಅಮೆರಿಕನ್ ಬಂಗಾರದ ನಾಣ್ಯಗಳಲ್ಲಿ, 1800ರ ದಶಕದ ಮೊದಲ ಭಾಗದ ಬಸ್ಟ್ ಅರ್ಧ ಡಾಲರ್‌ಗಳಲ್ಲಿ, ಇಂಥ ಉಜ್ಜು ಇದ್ದೂ ಎಂಎಸ್-61, 62 ಎಂದು ಲೇಬಲ್ ಇರುವುದನ್ನು ನೀವು ಈಗ ಧಾರಾಳವಾಗಿ ನೋಡಬಹುದು. ಸಂಗ್ರಹಕಾರರ ಮರದ ಪೆಟ್ಟಿಗೆಯ ಖಾನೆಯಲ್ಲಿ ಹಿಂದೆ ಮುಂದೆ ಸರಿದು ಆದ ಉಜ್ಜು, ಚಲಾವಣೆಯಲ್ಲಿ ಆದದ್ದಲ್ಲ, ಎನ್ನುವುದು ಇದಕ್ಕೆ ಕೊಡುವ ಸಮರ್ಥನೆ. ಲೋಹಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ. ಸವೆತ ಸವೆತವೇ. ಇಲ್ಲಿ ನಿಜವಾಗಿ ನಡೆದದ್ದು ಏನೆಂದರೆ, ಹಳೆಯ ತಾಂತ್ರಿಕ ಗ್ರೇಡಿಂಗ್ ಹೋಗಿ ಮಾರುಕಟ್ಟೆ ಗ್ರೇಡಿಂಗ್ ಬಂತು. ತಾಂತ್ರಿಕ ಗ್ರೇಡಿಂಗ್ ಕೇಳುವುದು, "ಟಂಕಸಾಲೆ ಬಿಟ್ಟ ಮೇಲೆ ಈ ನಾಣ್ಯಕ್ಕೆ ಏನೇನಾಗಿದೆ?" ಅಂತ. ಮಾರುಕಟ್ಟೆ ಗ್ರೇಡಿಂಗ್ ಕೇಳುವುದು, "ಇದು ಎಷ್ಟು ಬೆಲೆಯ ಸಾಲಿನಲ್ಲಿ ನಿಲ್ಲಬೇಕು?" ಅಂತ. ಹೊಳಪು ತುಂಬಿದ, ಚೂರು ಉಜ್ಜಿದ ಎಯು-58 ನಾಣ್ಯವೊಂದು ಗೀರು ತುಂಬಿದ ಎಂಎಸ್-60ಕ್ಕಿಂತ ಎಷ್ಟೋ ಚೆಂದ. ಜನ ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಹಾಗಾಗಿ ಅಂಕವೂ ಮೇಲೆ ಹೋಯಿತು. ಸುತ್ತಿ ಬಳಸಿ ಶೆಲ್ಡನ್ ಅವರ ಬೆಲೆಯ ಲೆಕ್ಕಕ್ಕೇ ವಾಪಸ್ ಬಂದಂತಾಯಿತು, ಅಲ್ವಾ?

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಅಳತೆ ಅಲ್ಲಾಡದೆ ನಿಂತಿದ್ದರೂ ನಾಣ್ಯ ಬದಲಾಗಬಹುದು. ಸ್ಲ್ಯಾಬ್ ಗಾಳಿಯಾಡದ ಪೆಟ್ಟಿಗೆಯಲ್ಲ. ಕೆಂಪು ತಾಮ್ರ ಒಳಗೇ ಕಂದಾಗುತ್ತದೆ. ಹಿಂದೊಮ್ಮೆ ಪಿವಿಸಿ ಇರುವ ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟ ನಾಣ್ಯದಲ್ಲಿ ಸ್ಲ್ಯಾಬ್ ಆದ ಎಷ್ಟೋ ವರ್ಷದ ಮೇಲೆ ಹಸಿರು ಜಿಡ್ಡು ಹೊರಬರುತ್ತದೆ. ಇತ್ತೀಚಿನ ಶುದ್ಧ ಬೆಳ್ಳಿಯ ನಾಣ್ಯಗಳಲ್ಲಿ ಹಾಲಿನ ಹನಿಯಂಥ ಬಿಳಿ ಕಲೆ ಏಳುತ್ತದೆ. 70 ಅಂತ ಲೇಬಲ್, ಒಳಗೆ ಕಲೆ. ಗ್ರೇಡ್ ಕೊಟ್ಟ ದಿನ ಆ ಕಲೆ ಇರಲಿಲ್ಲ. ಹಳೆಯ ಸ್ಲ್ಯಾಬಿನಲ್ಲಿ ಈಗ ಕೆಟ್ಟದಾಗಿ ಕಾಣುವ ನಾಣ್ಯ ಕಂಡರೆ ಗ್ರೇಡರ್ ಅನ್ನು ಬೈಯುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ.

ಸರಿಪಡಿಸುವ ಪ್ರಯತ್ನಗಳೂ ನಡೆದಿವೆ. 1990ರ ಸುಮಾರಿಗೆ ಕಂಪ್ಯೂಟರ್‌ನಿಂದ ಗ್ರೇಡ್ ಮಾಡಿಸಲು ನೋಡಿದರು. ಗೀರು ಎಣಿಸುವುದು ಯಂತ್ರಕ್ಕೆ ಸಾಧ್ಯ, ಆದರೆ ಹೊಳಪನ್ನು, ಚೆಂದವನ್ನು ತೂಗುವುದು ಆಗಲಿಲ್ಲ. ಆ ಪ್ರಯತ್ನ ನಿಂತುಹೋಯಿತು. 2010ರಲ್ಲಿ ಪಿಸಿಜಿಎಸ್ ನಾಣ್ಯದ ಮೇಲ್ಮೈಯನ್ನು ಬೆರಳಚ್ಚಿನಂತೆ ಚಿತ್ರ ತೆಗೆದು ಇಡುವ ಪದ್ಧತಿ ತಂದಿತು, ಒಡೆದು ಮತ್ತೆ ಬಂದದ್ದು ಗೊತ್ತಾಗಲಿ ಅಂತ. ಎಲ್ಲ ಹಳೆಯ ನಾಣ್ಯಗಳ ಚಿತ್ರ ಇರದಿದ್ದರೆ ಅದರ ಉಪಯೋಗ ಅಷ್ಟಕ್ಕಷ್ಟೇ. ನನ್ನ ಮಟ್ಟಿಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಸಿಎಸಿ. ಎನ್‌ಜಿಸಿ ಕಟ್ಟಿದ ಜಾನ್ ಅಲ್ಬನೀಸ್ ಅವರೇ 2007ರಲ್ಲಿ ಇದನ್ನು ಶುರು ಮಾಡಿದರು. ಪಿಸಿಜಿಎಸ್, ಎನ್‌ಜಿಸಿ ಸ್ಲ್ಯಾಬಿನಲ್ಲಿರುವ ನಾಣ್ಯವನ್ನು ಒಡೆಯದೆಯೇ ಮತ್ತೊಮ್ಮೆ ನೋಡುತ್ತಾರೆ. ಆ ಅಂಕಕ್ಕೆ ಗಟ್ಟಿಯಾಗಿ ಸಲ್ಲುವಂತಿದ್ದರೆ ಹಸಿರು ಸ್ಟಿಕರ್. ಅಂಕವೇ ಕಡಿಮೆಯಾಯಿತು ಅನಿಸಿದರೆ ಚಿನ್ನದ ಬಣ್ಣದ ಸ್ಟಿಕರ್. ಆ ಅಂಕಕ್ಕೆ ದುರ್ಬಲ ಅನಿಸಿದರೆ ಏನೂ ಇಲ್ಲದೆ ವಾಪಸ್. ಸ್ಲ್ಯಾಬಿನ ಅಂಕವನ್ನು ಪರೀಕ್ಷಿಸಲು ಇನ್ನೊಂದು ಕಂಪನಿ ಬೇಕಾಯಿತು, ಅದಕ್ಕೆ ಜನ ದುಡ್ಡು ಕೊಡುತ್ತಿದ್ದಾರೆ. ಅಂಕ ಎಷ್ಟು ಸ್ಥಿರ ಎನ್ನುವ ಪ್ರಶ್ನೆಗೆ ಮಾರುಕಟ್ಟೆಯೇ ಕೊಟ್ಟ ಉತ್ತರ ಇದು.

ಇನ್ನು ನಿಮ್ಮ ಜೋಡಿ. 1881-ಎಸ್ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು, 1 ಕೋಟಿ 27 ಲಕ್ಷಕ್ಕೂ ಹೆಚ್ಚು ಹೊಡೆದಿದ್ದರು. ಅಚ್ಚು ಬಲು ಸ್ಪಷ್ಟ, ಹೊಳಪು ಜೋರು, ಬಳಸದ ನಾಣ್ಯಗಳು ಧಾರಾಳವಾಗಿ ಉಳಿದಿವೆ. ಈ ಹೊಳಪೇ ಕಣ್ಣಿಗೆ ಮೋಸ ಮಾಡುವುದು. ಕೋಣೆಯ ಉಳಿದ ದೀಪ ಆರಿಸಿ, ಒಂದೇ ಮೇಜಿನ ದೀಪದ ಕೆಳಗೆ ಎರಡನ್ನೂ ಓರೆ ಮಾಡಿ ನೋಡಿ. ಮೊದಲು ಮುಂಬದಿಯಲ್ಲಿರುವ ಲಿಬರ್ಟಿ ಎಂಬ ಹೆಣ್ಣಿನ ಕೆನ್ನೆ, ಆಮೇಲೆ ಮುಖದ ಮುಂದಿನ ಬಯಲು. ಮಾರ್ಗನ್ ಡಾಲರ್‌ನಲ್ಲಿ 64, 65ರ ಜಗಳ ಹೆಚ್ಚಾಗಿ ತೀರ್ಮಾನವಾಗುವುದು ಅಲ್ಲೇ. ನಾಣ್ಯಗಳು ಚೀಲದಲ್ಲಿ ಒಂದಕ್ಕೊಂದು ತಾಗಿ ಆದ ಪೆಟ್ಟು ಕೂದಲಿನ ಗೆರೆಗಳ ನಡುವೆ ಇದ್ದರೆ ಮರೆಯಾಗುತ್ತದೆ, ಕೆನ್ನೆಯ ಮೇಲಿದ್ದರೆ ಕೂಗಿ ಹೇಳುತ್ತದೆ. ಹಳೆಯ ಸ್ಲ್ಯಾಬಿನ ಪ್ಲಾಸ್ಟಿಕ್ ಮೇಲೆ ಸಣ್ಣ ಗೀರುಗಳಿದ್ದರೆ ಅವು ನಾಣ್ಯದ ಕೂದಲೆಳೆಯಂಥ ಗೀರುಗಳನ್ನು ಮುಚ್ಚಿಡಬಲ್ಲವು. ಅದನ್ನೂ ಗಮನಿಸಿ. ಇಷ್ಟೆಲ್ಲ ಆದ ಮೇಲೂ 64ರದ್ದೇ ಗೆದ್ದರೆ, ನಿಮ್ಮದು ಬಿಗಿ ಕಾಲದ ಒಳ್ಳೆಯ 64.

ಆದರೆ "ಹಳೇ ಸ್ಲ್ಯಾಬ್ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು" ಎಂಬ ಮಾತನ್ನು ನಂಬಬೇಡಿ. ಮೂವತ್ತು ವರ್ಷದಿಂದ ಜನ ಹಳೆಯ ಸ್ಲ್ಯಾಬ್‌ಗಳನ್ನು ಜಾಲಾಡಿ, ಮೇಲೇರುವಂಥವನ್ನು ಒಡೆದು ತೆಗೆದಿದ್ದಾರೆ. ಇವತ್ತು ಹಳೆಯ ಸ್ಲ್ಯಾಬಿನಲ್ಲಿ ಉಳಿದಿರುವುದರಲ್ಲಿ ಕೆನೆ ತೆಗೆದ ಹಾಲೇ ಜಾಸ್ತಿ. ನಿಮ್ಮದು ತಪ್ಪಿಸಿಕೊಂಡು ಉಳಿದದ್ದು ಅಂತ ಕಾಣುತ್ತದೆ.

ಒಡೆಯಲೇ ಅಂದಿರಿ. ಬೇಡ. ಸ್ಲ್ಯಾಬಿನಿಂದ ಹೊರತೆಗೆದ ಕೂಡಲೇ ಕಂಪನಿ ಕೊಟ್ಟ ಗ್ಯಾರಂಟಿ ಹೋಯಿತು. ತೆಗೆಯುವಾಗ ಕೈ ಜಾರಿದರೆ ಹೊಸ ಗೀರು. ಮತ್ತೆ 64 ಬರಬಹುದು, 63ಕ್ಕೂ ಇಳಿಯಬಹುದು. ಜೊತೆಗೆ ಆ ಹಸಿರು ಲೇಬಲ್ಲಿನ ಸ್ಲ್ಯಾಬನ್ನೇ ಹುಡುಕಿ ಕೊಳ್ಳುವವರಿದ್ದಾರೆ, ಅಂಥವರು ಒಂದಿಷ್ಟು ಹೆಚ್ಚು ದುಡ್ಡೂ ಕೊಡುತ್ತಾರೆ. ನಿಮಗೆ ಕುತೂಹಲ ತಡೆಯಲಾಗದಿದ್ದರೆ ಸ್ಲ್ಯಾಬಿನಲ್ಲೇ ಸಿಎಸಿಗೆ ಕಳಿಸಿ. ಆದರೆ ಸಾಮಾನ್ಯ ವರ್ಷದ ನಾಣ್ಯಕ್ಕೆ 64, 65ರ ನಡುವಿನ ಬೆಲೆ ವ್ಯತ್ಯಾಸ ದೊಡ್ಡದಲ್ಲ. ಕಳಿಸುವ, ತರಿಸುವ ಖರ್ಚು ಸೇರಿಸಿ ಲೆಕ್ಕ ಹಾಕಿ ನೋಡಿ. 65 ಎಂದಿರುವ ಹೊಸದನ್ನು ಮಾರುವ ಯೋಚನೆ ಇದ್ದರೆ ಅದನ್ನು ಮಾರಿ, ಹಸಿರು ಲೇಬಲ್ಲಿನದನ್ನು ಇಟ್ಟುಕೊಳ್ಳಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.